ಎದೆಯ ಮೇಲಿನ ಹೊಣೆ ಕೈಗೆ ಇಳಿಯುವ ತನಕ

ಹತ್ತೊಂಬತ್ತು ದಿನದಿಂದ ತೆರೆಯದೆ ಬಿಟ್ಟ ಒಂದು ಸಂದೇಶ ಇದೆ ಎಂದಿಟ್ಟುಕೊಳ್ಳಿ. ನೀವು ಕಳಿಸಿದ ವರದಿಯಲ್ಲಿ ಏನೋ ತಪ್ಪಿದೆ ಎಂದು ಯಾರೋ ಬರೆದಿದ್ದಾರೆ; ಮೊದಲ ಸಾಲು ಮಾತ್ರ ಕಣ್ಣಿಗೆ ಬಿದ್ದಿದೆ. ಫೋನ್ ಸದ್ದು ಮಾಡಿದಾಗೆಲ್ಲ ಹೊಟ್ಟೆ ಕಿವುಚಿದಂತಾಗುತ್ತದೆ. ಫೋನನ್ನು ಮಗುಚಿ ಇಟ್ಟರೆ ಅರೆಗಳಿಗೆ ನಿರಾಳ. ಮೋಸ ಇರುವುದು ಆ ಅರೆಗಳಿಗೆಯಲ್ಲೇ. ತಪ್ಪಿಸಿಕೊಂಡಾಗ ಹಾಯೆನಿಸಿತು, ನಾಳೆಯೂ ತಪ್ಪಿಸಿಕೋ ಎಂಬ ಪಾಠವನ್ನು ಮೆದುಳು ಕಲಿತುಬಿಡುತ್ತದೆ. ಹತ್ತು ನಿಮಿಷದಲ್ಲಿ ಮುಗಿಯಬಹುದಾಗಿದ್ದ ಕೆಲಸ ಹತ್ತೊಂಬತ್ತು ದಿನದ ಭಾರವಾಗುವುದು ಹೀಗೆ.

ಈ ಸ್ಥಿತಿಯಲ್ಲಿರುವವರಿಗೆ "ಜವಾಬ್ದಾರಿ ತಗೊಳ್ಳಿ" ಎಂದರೆ ಸಿಟ್ಟು ಬರುತ್ತದೆ. ಬರಬೇಕಾದದ್ದೇ. ಆತಂಕದಲ್ಲಿ ಬೇಯುವವರು ಹೊಣೆಗೇಡಿಗಳೇನಲ್ಲ, ರಾತ್ರಿಯೆಲ್ಲ ಹೊಣೆಯನ್ನೇ ಹೊತ್ತು ಮಲಗುವವರು. ಆದರೆ ಅದು ಎದೆಯ ಮೇಲೆ ಬೇಕಾದ್ದಕ್ಕಿಂತ ಹೆಚ್ಚು ಕೂತಿರುತ್ತದೆ, ಕೈಗೆ ಮಾತ್ರ ಇಳಿದಿರುವುದಿಲ್ಲ. ಅದನ್ನು ಅಳೆದು, ತನ್ನ ಪಾಲಿನದನ್ನು ಕೈಗೆ ಇಳಿಸಿಕೊಂಡು, ಉಳಿದದ್ದನ್ನು ಅದರ ಜಾಗಕ್ಕೆ ಬಿಡುವುದಕ್ಕೆ ಸುಮಾರು ನಾಲ್ಕು ವಾರ ಹಿಡಿಯುತ್ತದೆ. ಬೇಕಾಗುವ ಸಾಮಾನು ಕಾಗದ, ಪೆನ್ನು, ಒಂದು ಗಡಿಯಾರ.

ಮೊದಲ ದಿನ ಬರೀ ಬರೆಯುವುದು. ಇಪ್ಪತ್ತು ನಿಮಿಷ, ಒಂದೇ ಹಾಳೆ, ಸಾಲಿಗೊಂದು ಚಿಂತೆ. ಫೋನಿನಲ್ಲಿ ಬೇಡ, ಹೆದರಿಸುವ ಸಂದೇಶ ಇರುವುದೂ ಅದರೊಳಗೇ. "ಕೆಲಸದ ಟೆನ್ಷನ್", "ಮನೆ ವಿಚಾರ", "ದುಡ್ಡು" ಎಂದು ಬರೆದರೆ ಪ್ರಯೋಜನವಿಲ್ಲ. ಒಂದೇ ಪದದ ಚಿಂತೆಗೆ ತಲೆಯೂ ಇಲ್ಲ ಬಾಲವೂ ಇಲ್ಲ, ಎಲ್ಲಿ ಹಿಡಿಯುವುದು? ಕ್ರಿಯಾಪದ ಇರುವ ಪೂರ್ತಿ ವಾಕ್ಯ ಬೇಕು: "ವರದಿಯ ಮೂರನೇ ಪುಟದ ಲೆಕ್ಕ ತಪ್ಪಿರಬಹುದು, ನಾನಿನ್ನೂ ನೋಡಿಲ್ಲ, ಕೇಳಿದವರಿಗೆ ಉತ್ತರ ಕೊಟ್ಟಿಲ್ಲ." ಮೊದಲ ಐದಾರು ಸಾಲುಗಳಲ್ಲಿ ಬೇರೆಯವರ ತಪ್ಪೇ ತುಂಬಿಕೊಳ್ಳುವುದು ಸಾಮಾನ್ಯ. ಅವನು ಹೀಗೆ ಮಾಡಿದ, ಅವಳು ಹಾಗೆ ಹೇಳಿದಳು. ಹೊಡೆದುಹಾಕಬೇಡಿ, ಅವೂ ಇರಲಿ. ಪೆನ್ನು ನಿಂತ ಮೇಲೂ ಎರಡು ನಿಮಿಷ ಏಳದೆ ಕೂತಿರಿ. ನಾಚಿಕೆ ಅಂಟಿಕೊಂಡ ಚಿಂತೆ ಹೊರಗೆ ಬರುವುದು ಕೊನೆಗೆ. ಎಷ್ಟೋ ಸಲ ಇಡೀ ಹಾಳೆಯಲ್ಲಿ ಮುಖ್ಯವಾದ ಸಾಲು ಅದೇ ಆಗಿರುತ್ತದೆ.

ಅವತ್ತಿಗೆ ಅಷ್ಟೇ. ಬರೆದ ತಕ್ಷಣ ಪರಿಹಾರ ಹುಡುಕಲು ಹೊರಟರೆ ಹಳೆಯ ಗಾಬರಿಯೇ ಹೊಸ ವೇಷದಲ್ಲಿ ಬಂದು ಕೂರುತ್ತದೆ.

ಮರುದಿನ ಅದೇ ಹಾಳೆಯ ಅಂಚಿನಲ್ಲಿ ಗುರುತು ಹಾಕುವ ಕೆಲಸ. ನಾನು ಮಾಡಬಹುದಾದದ್ದಕ್ಕೆ ಒಂದು ಗುರುತು, ನನ್ನ ಕೈಮೀರಿದ್ದಕ್ಕೆ ಇನ್ನೊಂದು. ಕೂತು ನೋಡಿದರೆ ಬಹುಪಾಲು ಸಾಲುಗಳು ಎರಡಕ್ಕೂ ಸೇರುವುದಿಲ್ಲ, ಅರ್ಧ ಇಲ್ಲಿ ಅರ್ಧ ಅಲ್ಲಿ. ಅಂಥ ಸಾಲನ್ನು ಸೀಳಬೇಕು. "ಪರೀಕ್ಷೆಯಲ್ಲಿ ಫೇಲಾದರೆ?" ಎಂಬುದು ಒಂದೇ ಸಾಲಾಗಿ ಇದ್ದಷ್ಟು ದಿನ ಏನೂ ಮಾಡಲಾಗದು. ಸೀಳಿದರೆ, "ಇನ್ನೂ ಓದದ ನಾಲ್ಕು ಅಧ್ಯಾಯಗಳಿವೆ" ಎಂಬುದು ನನ್ನದು. "ಪ್ರಶ್ನೆಪತ್ರಿಕೆ ಹೇಗಿರುತ್ತದೋ" ಎಂಬುದು ನನ್ನದಲ್ಲ. ತಂದೆಯ ಕಾಯಿಲೆಯ ಚಿಂತೆಯೂ ಹಾಗೆ: ಮಾತ್ರೆ ಹೊತ್ತಿಗೆ ಸರಿಯಾಗಿ ಕೊಡುವುದು, ವೈದ್ಯರನ್ನು ಕೇಳಬೇಕಾದ ಪ್ರಶ್ನೆ ಬರೆದುಕೊಂಡು ಹೋಗುವುದು ಮಕ್ಕಳ ಪಾಲು, ಕಾಯಿಲೆ ಯಾವ ದಾರಿ ಹಿಡಿಯುತ್ತದೆ ಎಂಬುದು ಯಾರ ಪಾಲೂ ಅಲ್ಲ. ಸೀಳಿ ಸೀಳಿ ಹಾಳೆ ಉದ್ದವಾಗುತ್ತದೆ, ಅದಕ್ಕೆ ಹೆದರಬೇಕಿಲ್ಲ. ಸಾಲುಗಳು ಹೆಚ್ಚಿದಷ್ಟೂ ಒಂದೊಂದರ ತೂಕ ಇಳಿಯುತ್ತದೆ.

ಗುರುತು ಹಾಕುವಾಗ ಒಂದು ವಿಷಯ ಸ್ಪಷ್ಟವಿರಬೇಕು. ತಪ್ಪು ಯಾರದು ಎಂಬ ಪ್ರಶ್ನೆ ಹಿಂದಕ್ಕೆ ನೋಡುತ್ತದೆ. ಇನ್ನು ಮುಂದಿನ ಹೆಜ್ಜೆ ಯಾರದು ಎಂಬುದು ಮುಂದಕ್ಕೆ ನೋಡುತ್ತದೆ. ಯಾರದೋ ಗಾಡಿ ಗುದ್ದಿ ನಿಮ್ಮ ಮೊಣಕಾಲು ಮುರಿದರೆ ತಪ್ಪು ಅವರದೇ, ಆದರೆ ಕಾಲಿನ ವ್ಯಾಯಾಮವನ್ನು ನಿಮ್ಮ ಬದಲು ಅವರು ಬಂದು ಮಾಡಲಾರರು. ಈ ಮಾತನ್ನು ಹೊಡೆತ ತಿನ್ನುವವರ, ಬೆದರಿಕೆಯಲ್ಲಿ ಬದುಕುವವರ ಮೇಲೆ ಹೇರುವುದು ಮಾತ್ರ ಅನ್ಯಾಯ. ಅಲ್ಲಿ ಹಿಂಸೆಯ ಹೊಣೆ ಪೂರ್ತಿ ಹಿಂಸೆ ಮಾಡಿದವರದು; ಅನುಭವಿಸುತ್ತಿರುವವರು ನೋಡಿಕೊಳ್ಳಬೇಕಾದದ್ದು ತಮ್ಮ ಸುರಕ್ಷತೆಯನ್ನು, ಅದಕ್ಕೆ ಬೇರೆಯವರ ನೆರವನ್ನು ಕೇಳುವುದನ್ನು.

ಗುರುತು ಮುಗಿದ ಮೇಲೂ ಒಂದೆರಡು ಸಾಲು ಬಿಡಿಸಲಾಗದೆ ಉಳಿಯುತ್ತವೆ. "ಎಲ್ಲ ಹಾಳಾದದ್ದು ನನ್ನಿಂದಲೇ" ಎನ್ನುವ ಜಾತಿಯವು. ಅವುಗಳಿಗೆ ಹೊಣೆಯ ಚಕ್ರ ಬೇಕು. ಒಂದು ವೃತ್ತ ಬರೆದು, ಯಾರ ಪಾಲು ಎಷ್ಟು ಎಂದು ಹೋಳು ಮಾಡುವ ಈ ಅಭ್ಯಾಸವನ್ನು ಗೀಳು ಕಾಯಿಲೆಯ (ಒಸಿಡಿ) ಚಿಕಿತ್ಸೆಯಲ್ಲಿ ಚೆನ್ನಾಗಿ ಬಳಸುತ್ತಾರೆ. ಆ ಕಾಯಿಲೆಯಲ್ಲಿ ಹೊಣೆಯ ಭಾವನೆ ಮಿತಿಮೀರಿ ಊದಿಕೊಂಡಿರುತ್ತದೆ ಎಂದು ಮನಶ್ಶಾಸ್ತ್ರಜ್ಞ ಪಾಲ್ ಸಾಲ್ಕೋವ್‌ಸ್ಕಿಸ್ 1985ರಲ್ಲೇ ವಿವರಿಸಿದ್ದರು. ಗೀಳು ಇಲ್ಲದವರಿಗೂ ಚಕ್ರ ಅಷ್ಟೇ ಉಪಯೋಗಕ್ಕೆ ಬರುತ್ತದೆ.

ಹತ್ತಿರದಿಂದ ನೋಡೋಣ. ನಾಲ್ಕು ಜನ ಸೇರಿ ಮಾಡಿದ ಕೆಲಸ ಹತ್ತು ದಿನ ತಡವಾಯಿತು. ಅದರಲ್ಲೊಬ್ಬರನ್ನು ಕೇಳಿದರೆ "ನೂರಕ್ಕೆ ತೊಂಬತ್ತು ನನ್ನ ತಪ್ಪು" ಅನ್ನುತ್ತಾರೆ. ಈಗ ವೃತ್ತದ ಪಕ್ಕದಲ್ಲಿ, ತಡಕ್ಕೆ ಕಾರಣವಾದದ್ದನ್ನೆಲ್ಲ ಒಂದರ ಕೆಳಗೊಂದು ಬರೆಯಬೇಕು, ತನ್ನ ಹೆಸರನ್ನು ಮಾತ್ರ ಕೊನೆಗೆ. ಇದು ಕಟ್ಟುನಿಟ್ಟು. ತನ್ನ ಹೆಸರನ್ನು ಮೊದಲು ಬರೆದವರು ತೊಂಬತ್ತನ್ನೂ ಅದಕ್ಕೇ ಕೊಟ್ಟುಬಿಡುತ್ತಾರೆ, ಮಿಕ್ಕವಕ್ಕೆ ಜಾಗವೇ ಇರುವುದಿಲ್ಲ. ಮಾಹಿತಿ ಬರಬೇಕಾದ ಕಡೆಯಿಂದ ಐದು ದಿನ ತಡವಾಗಿ ಬಂತು, ಅದಕ್ಕೆ 30. ಮೊದಲೇ ಕೊಟ್ಟ ಗಡುವು ಬಿಗಿಯಾಗಿತ್ತು, 20. ನಡುವೆ ಬೇಡಿಕೆ ಬದಲಾಯಿತು, 15. ಇನ್ನೊಬ್ಬ ಜೊತೆಗಾರ ಹುಷಾರಿಲ್ಲದೆ ಮಲಗಿದ, 10. ಉಳಿದದ್ದು 25. ಆ 25ರಲ್ಲಿ ಇರುವುದೇನು? ತಡವಾಗುತ್ತದೆ ಎಂದು ಮೂರನೇ ದಿನವೇ ಗೊತ್ತಾಗಿತ್ತು, ಎಂಟನೇ ದಿನದ ತನಕ ಯಾರಿಗೂ ಹೇಳಲಿಲ್ಲ.

ಈ ಅಂಕಿಗಳಿಗೆ ತಕ್ಕಡಿ ಇಲ್ಲ, ಅಂದಾಜೇ. ಆದರೂ ತೊಂಬತ್ತು ಇಪ್ಪತ್ತೈದಕ್ಕೆ ಇಳಿದಾಗ ಉಸಿರು ಸಡಿಲವಾಗುತ್ತದೆ. ಅದಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ: ತೊಂಬತ್ತಿದ್ದಾಗ "ನಾನೇ ಸರಿಯಿಲ್ಲ" ಎಂದಷ್ಟೇ ಹೇಳಲು ಬರುತ್ತಿತ್ತು, ಇಪ್ಪತ್ತೈದಾದಾಗ "ಮೂರನೇ ದಿನವೇ ಹೇಳಬೇಕಿತ್ತು" ಎಂದು ಬೆರಳಿಟ್ಟು ತೋರಿಸಲು ಬರುತ್ತದೆ. ಮೊದಲನೆಯದನ್ನು ಸರಿಪಡಿಸುವ ದಾರಿ ಯಾವುದೂ ಇಲ್ಲ, ಎರಡನೆಯದಕ್ಕೆ ಇದೆ. ಚಕ್ರದಲ್ಲಿ ನಿಮ್ಮ ಹೋಳು ಸೊನ್ನೆಗೆ ಬಂದರೆ ಮತ್ತೊಮ್ಮೆ ನೋಡಿ. ಬೇರೆಯವರ ಮೇಲೆ ಗೂಬೆ ಕೂರಿಸಲು ಚಕ್ರವನ್ನು ಬಳಸಿಕೊಂಡಿರುವ ಸಾಧ್ಯತೆ ಇದೆ.

ಇಷ್ಟು ಅಳತೆ ಏಕೆ ಎಂದರೆ, ಕೈಯಲ್ಲಿ ಹಿಡಿತ ಇದೆ ಎಂಬುದೇ ದೇಹಕ್ಕೆ ಔಷಧಿಯಂತೆ ಕೆಲಸ ಮಾಡುವುದು, ಹಿಡಿತದ ಬೆಲೆ ವಿಪರೀತವಾದರೆ ಅದೇ ವಿಷವಾಗುವುದು, ಎರಡೂ ಪ್ರಯೋಗಗಳಲ್ಲಿ ಕಂಡಿವೆ. 1970ರ ಆಸುಪಾಸಿನಲ್ಲಿ ಜೇ ವೈಸ್ ಎಂಬ ವಿಜ್ಞಾನಿ ಇಲಿಗಳ ಜೋಡಿಗೆ ಒಂದೇ ಪ್ರಮಾಣದ ವಿದ್ಯುತ್ ಆಘಾತ ಕೊಟ್ಟರು. ಒಂದಕ್ಕೆ ಚಕ್ರ ತಿರುಗಿಸಿ ಆಘಾತ ನಿಲ್ಲಿಸುವ ಅವಕಾಶ, ಇನ್ನೊಂದಕ್ಕೆ ಇಲ್ಲ. ಬಿದ್ದ ಆಘಾತ ಒಂದೇ ಆದರೂ ಹೊಟ್ಟೆಯ ಹುಣ್ಣು ಹೆಚ್ಚಾದದ್ದು ಏನೂ ಮಾಡಲಾಗದೆ ಕೂತ ಇಲಿಗೆ. ಮುಂದುವರಿದು ನೋಡಿದಾಗ, ಚಕ್ರ ತಿರುಗಿಸಿದ ಕೂಡಲೇ "ಕೆಲಸ ಆಯಿತು" ಎಂದು ತಿಳಿಸುವ ಸದ್ದೊಂದನ್ನು ಕೇಳಿಸಿದರೆ ಹುಣ್ಣು ಇನ್ನೂ ಕಡಿಮೆಯಾಯಿತು. ಆದರೆ ಚಕ್ರ ತಿರುಗಿಸುವುದಕ್ಕೇ ಆಘಾತ ಬೀಳುವಂತೆ ಮಾಡಿದಾಗ ಲೆಕ್ಕ ತಿರುಗಿಬಿತ್ತು. ಹಿಡಿತ ಇದ್ದ ಇಲಿಯೇ ಹೆಚ್ಚು ನರಳಿತು. ಹೆಜ್ಜೆ ಚಿಕ್ಕದಿರಲಿ, ಆದದ್ದು ಕಣ್ಣಿಗೆ ಕಾಣಲಿ, ಬೆಲೆ ಕೈಗೆಟುಕುವಷ್ಟಿರಲಿ ಎಂದು ನಾವು ಹಟ ಹಿಡಿಯುವುದು ಇದಕ್ಕೇ.

ಕೈಚೆಲ್ಲಿ ಕೂರುವುದು ಹೇಡಿತನವಲ್ಲ ಎಂಬುದಕ್ಕೂ ಆಧಾರವಿದೆ. ತಪ್ಪಿಸಿಕೊಳ್ಳಲಾಗದ ಆಘಾತ ತಿಂದ ನಾಯಿಗಳು ಆಮೇಲೆ ದಾರಿ ತೆರೆದಿದ್ದರೂ ಸುಮ್ಮನೆ ಮಲಗಿದ್ದನ್ನು ಮಾರ್ಟಿನ್ ಸೆಲಿಗ್‌ಮನ್ ಮತ್ತು ಸ್ಟೀವನ್ ಮೇಯರ್ 1967ರಲ್ಲಿ ತೋರಿಸಿದ್ದರು; ಅಸಹಾಯಕತೆಯನ್ನು ಅವು ಕಲಿತವು ಎಂದರು. ಸುಮಾರು ಐವತ್ತು ವರ್ಷದ ನಂತರ, 2016ರಲ್ಲಿ, ಆ ಇಬ್ಬರೇ ಅದನ್ನು ತಿರುವಿಹಾಕಿದರು. ದೀರ್ಘಕಾಲದ ಕಷ್ಟಕ್ಕೆ ಸುಮ್ಮನಾಗಿಬಿಡುವುದು ಕಲಿಯದೆಯೇ ಬರುವ ಪ್ರತಿಕ್ರಿಯೆ. ಮೆದುಳು ಕಲಿಯುವುದು "ನನ್ನಿಂದ ಏನೋ ಆಗುತ್ತದೆ" ಎಂಬುದನ್ನು. ಹಣೆಯ ಹಿಂದಿನ ಮೆದುಳಿನ ಭಾಗ ಆ ಹಿಡಿತವನ್ನು ಗುರುತಿಸಿ, ಕೆಳಗಿನ ಮೆದುಳಕಾಂಡದ ಗಾಬರಿಯನ್ನು ತಣಿಸುತ್ತದೆ. ಕಲಿಯುವ ವಿಷಯವಾದ್ದರಿಂದ ಮತ್ತೆ ಮತ್ತೆ ಮಾಡಿದರೆ ಮಾತ್ರ ಬರುತ್ತದೆ. ಒಂದು ದಿನದ ಗಟ್ಟಿ ನಿರ್ಧಾರದಿಂದ ಬರುವುದಿಲ್ಲ.

ಮೂರನೇ ದಿನದಿಂದ ಹೆಜ್ಜೆಗಳು. ದಿನಕ್ಕೆ ಒಂದು, ಹತ್ತರಿಂದ ಹದಿನೈದು ನಿಮಿಷದೊಳಗೆ ಮುಗಿಯುವಂಥದ್ದು. ಎಲ್ಲಿ, ಯಾವಾಗ, ಯಾವುದರ ಬೆನ್ನಿಗೆ ಎಂದು ಬರೆದಿಡಬೇಕು. ಇಂಥದ್ದು ಆದ ಕೂಡಲೇ ಇಂಥದ್ದು ಮಾಡುತ್ತೇನೆ ಎಂದು ಗಂಟು ಹಾಕಿದ ನಿರ್ಧಾರ, ಬರೀ "ಮಾಡುತ್ತೇನೆ" ಎಂಬುದಕ್ಕಿಂತ ಹೆಚ್ಚು ನಡೆಯುತ್ತದೆ ಎಂದು ಪೀಟರ್ ಗೊಲ್‌ವಿಟ್ಸರ್ 1999ರಲ್ಲಿ ತೋರಿಸಿದ್ದಾರೆ. ಸಂದೇಶದ ವಿಚಾರಕ್ಕೆ ಅದು ಹೀಗಿರುತ್ತದೆ: "ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಕುರ್ಚಿಯಲ್ಲಿ ಕೂತ ಕೂಡಲೇ, ಬೇರೇನನ್ನೂ ತೆರೆಯದೆ, ಆ ಸಂದೇಶವನ್ನು ಕೊನೆಯ ತನಕ ಓದುತ್ತೇನೆ." ಓದುವುದಷ್ಟೇ. ಉತ್ತರ ಬರೆಯುವುದು ಮರುದಿನದ ಹೆಜ್ಜೆ. ಎರಡನ್ನೂ ಒಂದೇ ದಿನ ಇಟ್ಟುಕೊಂಡವರು ಎರಡನ್ನೂ ಮಾಡದೆ ಎದ್ದುಹೋಗುತ್ತಾರೆ.

ಕೂತಾಗ ಆಗುವುದನ್ನು ಮೊದಲೇ ತಿಳಿದಿರಬೇಕು. ತೆರೆಯುವ ಮುನ್ನ ಕಳವಳಕ್ಕೆ ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕಿ ಕೊಟ್ಟು ಬರೆದಿಡಿ, 7 ಎಂದುಕೊಳ್ಳಿ. ಬೆರಳು ಸಂದೇಶದ ಮೇಲೆ ಹೋಗುವಾಗ ಅದು 9 ಆಗುತ್ತದೆ. ಬಾಯಿ ಒಣಗುತ್ತದೆ, ಎದೆ ಡವಗುಟ್ಟುತ್ತದೆ, ಇದ್ದಕ್ಕಿದ್ದಂತೆ ಮೇಜು ಒರೆಸಬೇಕು ಅನ್ನಿಸುತ್ತದೆ. ಹೆಚ್ಚಿನ ಜನ ಕೈಬಿಡುವುದು ಈ ಏರಿನಲ್ಲಿ. ಇಲ್ಲಿ ಎದ್ದರೆ ಹಳೆಯ ಪಾಠ ಇನ್ನೊಮ್ಮೆ ಗಟ್ಟಿಯಾಗುತ್ತದೆ, ಆದ್ದರಿಂದ ಏಳಬಾರದು. ಓದಿ. ಎರಡನೇ ಸಲ ನಿಧಾನವಾಗಿ ಓದಿ, ಕೇಳಿರುವುದೇನು ಎಂದು ಒಂದೇ ಸಾಲಿನಲ್ಲಿ ಕಾಗದದ ಮೇಲೆ ಬರೆಯಿರಿ. "ಮೂರನೇ ಪುಟದ ಮೊತ್ತ ಹೊಂದುತ್ತಿಲ್ಲ, ಒಮ್ಮೆ ನೋಡುತ್ತೀರಾ." ಆಮೇಲೆ ಮತ್ತೆ ಅಂಕಿ. 5ಕ್ಕೆ ಇಳಿದಿರಬಹುದು, 6 ಇರಬಹುದು. ಸೊನ್ನೆ ಆಗಬೇಕೆಂದೇನಿಲ್ಲ. ಆ ಎರಡು ಅಂಕಿಗಳ ನಡುವಿನ ಅಂತರವೇ ಇಲಿಗೆ ಕೇಳಿಸಿದ ಸದ್ದು. ಅದಕ್ಕೇ ಬರೆದಿಡಬೇಕು, ಮನಸ್ಸಿನಲ್ಲೇ ಇಟ್ಟುಕೊಂಡರೆ ಸಂಜೆಯ ಹೊತ್ತಿಗೆ 9 ಮಾತ್ರ ನೆನಪಿರುತ್ತದೆ.

ತಪ್ಪು ಒಪ್ಪಿಕೊಳ್ಳುವ ಹೆಜ್ಜೆಗೆ ಮೂರು ವಾಕ್ಯ ಸಾಕು. ಆದದ್ದೇನು, ಮಾಡುವುದೇನು, ಯಾವಾಗಿನೊಳಗೆ. "ನಿಮ್ಮ ಸಂದೇಶಕ್ಕೆ ಹತ್ತೊಂಬತ್ತು ದಿನ ಉತ್ತರಿಸಲಿಲ್ಲ, ಕ್ಷಮಿಸಿ. ಮೂರನೇ ಪುಟದ ಮೊತ್ತವನ್ನು ಮೊದಲಿನಿಂದ ಲೆಕ್ಕ ಹಾಕಿ ಸರಿಪಡಿಸುತ್ತೇನೆ. ಗುರುವಾರ ಸಂಜೆಯೊಳಗೆ ಕಳಿಸುತ್ತೇನೆ." ಇದರಲ್ಲಿ "ಆದರೆ" ಎಂಬ ಪದ ಬಂದರೆ ಅಳಿಸಿ; ಅದರ ಹಿಂದೆ ಬರುವುದು ಸಬೂಬೇ. ನಾಲ್ಕು ನಾಲ್ಕು ಸಲ ಕ್ಷಮೆ ಕೇಳುವುದೂ ಬೇಡ. ಹಾಗೆ ಕೇಳಿದರೆ ಎದುರಿನವರು ತಮ್ಮ ಕೆಲಸ ಬಿಟ್ಟು ನಿಮ್ಮನ್ನು ಸಮಾಧಾನ ಮಾಡಬೇಕಾಗುತ್ತದೆ, ನಿಮ್ಮ ಹೊಣೆ ಅವರ ಹೆಗಲಿಗೆ ಹೋಗುತ್ತದೆ. ಗಡುವು ಹೇಳುವಾಗ ನಿಮ್ಮ ಅಂದಾಜಿಗೆ ಅರ್ಧದಷ್ಟು ಕೂಡಿಸಿ: ಎರಡು ದಿನ ಅನ್ನಿಸಿದರೆ ಮೂರು ದಿನ. ಗಾಬರಿಯಲ್ಲಿ "ಇವತ್ತೇ ಕಳಿಸ್ತೀನಿ" ಎಂದುಬಿಡುವುದು ಬಹಳ ಜನರ ರೂಢಿ, ಅಲ್ಲಿಂದ ಹೊಸದೊಂದು ಹತ್ತೊಂಬತ್ತು ದಿನ ಶುರುವಾಗುತ್ತದೆ.

ಕೈಮೀರಿದ್ದು ಎಂದು ಗುರುತು ಹಾಕಿದ ಸಾಲುಗಳು ಗುರುತು ಹಾಕಿದ ಮಾತ್ರಕ್ಕೆ ತಲೆಯಿಂದ ಹೋಗುವುದಿಲ್ಲ. ಅವಕ್ಕೆ ದಿನದಲ್ಲಿ ಒಂದು ಹೊತ್ತು ಗೊತ್ತುಮಾಡಬೇಕು. ಥಾಮಸ್ ಬೋರ್ಕೊವೆಕ್ ಮತ್ತು ಸಂಗಡಿಗರು 1983ರಲ್ಲಿ ಪರೀಕ್ಷಿಸಿದ ಕ್ರಮ ಇದು: ದಿನಾ ಅದೇ ಸಮಯ, ಅದೇ ಜಾಗ, ಅರ್ಧ ಗಂಟೆ ಚಿಂತೆ. ಉಳಿದ ಹೊತ್ತಿನಲ್ಲಿ ಚಿಂತೆ ಬಂದರೆ ಒಂದು ಪದ ಬರೆದಿಟ್ಟು, "ಸಂಜೆ ನೋಡೋಣ" ಎಂದು ಕೈಯಲ್ಲಿದ್ದ ಕೆಲಸಕ್ಕೆ ಮರಳುವುದು. ಹಾಸಿಗೆಯ ಮೇಲೆ ಬೇಡ, ಮಲಗುವ ಮುಂಚೆಯೂ ಬೇಡ. ಆ ಜಾಗಕ್ಕೂ ಹೊತ್ತಿಗೂ ಚಿಂತೆ ಅಂಟಿಕೊಂಡುಬಿಡುತ್ತದೆ. ಮೊದಲ ದಿನಗಳಲ್ಲಿ ಗಂಟೆಗೆ ಹತ್ತು ಸಲ ಮುಂದಕ್ಕೆ ಹಾಕಬೇಕಾಗಬಹುದು. ಚಿಂತೆ ಬರದಂತೆ ತಡೆಯಲು ಹೋಗಬೇಡಿ, ತಡೆದಷ್ಟೂ ಬರುತ್ತದೆ. ಕೆಲವು ದಿನ ಕಳೆದ ಮೇಲೆ ಅರ್ಧ ಗಂಟೆ ಕೂತರೂ ಚಿಂತಿಸಲು ಏನೂ ಸಿಗದ ಸಂಜೆಗಳು ಬರುತ್ತವೆ. ಆಗ ಬೇಗ ಎದ್ದುಬಿಡಬಹುದು.

ಬೇರೆಯವರ ಹೊಣೆಯನ್ನು ಅವರಿಗೆ ಮರಳಿಸುವುದು ಇನ್ನೂ ಕಷ್ಟ, ಮನೆಯವರ ವಿಷಯದಲ್ಲಂತೂ. ದೊಡ್ಡ ಮಗನ ಅರ್ಜಿಯನ್ನು ತಾನೇ ತುಂಬಿಕೊಡುವ ತಾಯಿ, ತಮ್ಮನ ಸಾಲದ ಕಂತು ನೆನಪಿಟ್ಟುಕೊಳ್ಳುವ ಅಕ್ಕ. ಒಮ್ಮೆಲೇ ಕೈಬಿಟ್ಟರೆ ಜಗಳವಾಗುತ್ತದೆ, ಆಮೇಲೆ ಪಾಪಪ್ರಜ್ಞೆಯಿಂದ ಮೊದಲಿಗಿಂತ ಹೆಚ್ಚು ಹೊತ್ತುಕೊಳ್ಳುವಂತಾಗುತ್ತದೆ. ಮೊದಲೇ ಹೇಳಿ, ದಿನ ಗೊತ್ತುಮಾಡಿ ಬಿಡುವುದು ಒಳ್ಳೆಯದು: "ಮುಂದಿನ ತಿಂಗಳಿಂದ ಕಂತಿನ ದಿನ ನೀನೇ ನೋಡ್ಕೋಬೇಕು ಕಣೋ. ಈ ತಿಂಗಳು ಹೇಗೆ ಕಟ್ಟೋದು ಅಂತ ಜೊತೆಗೆ ಕೂತು ತೋರಿಸ್ತೀನಿ." ಅವನು ಒಂದು ಕಂತು ತಪ್ಪಿಸಬಹುದು. ಆಗ ಸುಮ್ಮನಿರುವುದೇ ಅಕ್ಕನ ಹೆಜ್ಜೆ, ಅದಕ್ಕೂ ಮೊದಲು ಮತ್ತು ನಂತರ ಅಂಕಿ ಬರೆದಿಡಬಹುದು.

ಮೊದಲ ವಾರದಲ್ಲಿ ಆತಂಕ ಕಡಿಮೆಯಾಗುವ ಬದಲು ಹೆಚ್ಚಿದಂತೆ ಕಂಡರೆ ಕ್ರಮ ತಪ್ಪಿದೆ ಎಂದುಕೊಳ್ಳಬೇಡಿ. ಮುಚ್ಚಿಟ್ಟ ಬಾಗಿಲುಗಳನ್ನು ಒಂದೊಂದಾಗಿ ತೆರೆಯುತ್ತಿದ್ದೀರಿ. ನಾವು ಹೆಚ್ಚು ಎಚ್ಚರ ಹೇಳುವುದು ಮೂರನೇ ವಾರಕ್ಕೆ. ನಾಲ್ಕಾರು ಹೆಜ್ಜೆ ಕೈಗೂಡಿದ ಹುರುಪಿನಲ್ಲಿ ಎಲ್ಲವನ್ನೂ ತಾನೇ ಹೊತ್ತುಕೊಳ್ಳುವ ಆಸೆ ಹುಟ್ಟುತ್ತದೆ. ಕಳಿಸಿದ್ದನ್ನು ಐದು ಸಲ ತೆರೆದು ನೋಡುವುದು, "ಸರಿ ಇದೆ ತಾನೇ?" ಎಂದು ಮತ್ತೆ ಮತ್ತೆ ಕೇಳುವುದು, ಯಾರೂ ವಹಿಸದ ಕೆಲಸಕ್ಕೆ ರಾತ್ರಿ ಎಚ್ಚರವಾಗಿರುವುದು ಕಂಡರೆ ಅಳತೆ ಮೀರಿದೆ. ಒಮ್ಮೆ ಪರಿಶೀಲಿಸುವುದು ಹೊಣೆಗಾರಿಕೆ. ಐದನೇ ಸಲದ್ದು ಆತಂಕ ತನ್ನನ್ನು ತಾನೇ ಮೇಯಿಸಿಕೊಳ್ಳುವುದು. ಒಂದಕ್ಕೇ ನಿಲ್ಲಿಸಿ, ಅಂಕಿ ಬರೆದು, ಏಳಿ.

ಹೆಜ್ಜೆ ತಪ್ಪಿದ ದಿನಗಳೂ ಬರುತ್ತವೆ. ಆಗ ತನ್ನನ್ನೇ ಬೈದುಕೊಳ್ಳುವುದು ಹೊಣೆ ಹೊರುವುದಕ್ಕೆ ಸಮ ಎಂದು ಬಹಳ ಜನ ನಂಬಿದ್ದಾರೆ. ಮೈಕೆಲ್ ವೋಲ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲ ಪರೀಕ್ಷೆಗೆ ಓದುವುದನ್ನು ಮುಂದೂಡಿದ ವಿದ್ಯಾರ್ಥಿಗಳ ಪೈಕಿ ತಮ್ಮನ್ನು ಕ್ಷಮಿಸಿಕೊಂಡವರು ಮುಂದಿನ ಪರೀಕ್ಷೆಗೆ ಕಡಿಮೆ ಮುಂದೂಡಿದರು. ಬೈಗುಳ ಆ ಕೆಲಸಕ್ಕೆ ಇನ್ನಷ್ಟು ನೋವನ್ನು ಅಂಟಿಸುತ್ತದೆ, ನೋವಿನಿಂದ ಮನಸ್ಸು ಮತ್ತೆ ಓಡುತ್ತದೆ. ತಪ್ಪಿದ ದಿನ ಹಾಳೆಯಲ್ಲಿ "ಆಗಲಿಲ್ಲ" ಎಂದು ಬರೆದು, ಪಕ್ಕದಲ್ಲಿ ಎಲ್ಲಿ ಮುಗ್ಗರಿಸಿತು ಎಂದು ಐದಾರು ಪದ ಬರೆದರೆ ಸಾಕು. "ದೊಡ್ಡದಾಗಿತ್ತು." "ಸಮಯ ಬರೆದಿರಲಿಲ್ಲ." ಮರುದಿನದ ಹೆಜ್ಜೆಯನ್ನು ಅರ್ಧಕ್ಕೆ ಇಳಿಸಿ.

ಹೆಜ್ಜೆಗಳಿಗೆ ಬಗ್ಗದ ಆತಂಕವೂ ಇದೆ, ಅದನ್ನು ಹಟದಿಂದ ಗೆಲ್ಲಲು ಹೊರಡುವುದು ತಪ್ಪು. ಆತಂಕವನ್ನು ಅಳೆಯಲು ವೈದ್ಯರು ಬಳಸುವ ಜಿಎಡಿ-7 ಎಂಬ ಏಳು ಪ್ರಶ್ನೆಗಳ ಪಟ್ಟಿ 2006ರಿಂದ ಬಳಕೆಯಲ್ಲಿದೆ. ಕಳೆದ ಎರಡು ವಾರದ ಬಗ್ಗೆ ಕೇಳುತ್ತದೆ, ಪ್ರತಿ ಪ್ರಶ್ನೆಗೆ 0ಯಿಂದ 3, ಒಟ್ಟು 21. ಮೊತ್ತ 10 ಅಥವಾ ಹೆಚ್ಚು ಬಂದರೆ ವೈದ್ಯರನ್ನೋ ಮನೋವೈದ್ಯರನ್ನೋ ಕಾಣಬೇಕು. ನಿದ್ದೆ, ಊಟ, ಕೆಲಸ ಕೆಟ್ಟಿದ್ದರೆ ಅಂಕಿಗೆ ಕಾಯಬೇಕಿಲ್ಲ. ಎದೆಬಡಿತ, ಕೈನಡುಕ, ತೂಕ ಇಳಿಯುವುದು ಥೈರಾಯ್ಡ್ ಹೆಚ್ಚಾದಾಗಲೂ ಕಾಣುತ್ತವೆ. ಅದಕ್ಕೆ ರಕ್ತಪರೀಕ್ಷೆ ಬೇಕೇ ಹೊರತು ಹಾಳೆ ಸಾಲದು. ಬದುಕೇ ಬೇಡ ಎಂಬ ಯೋಚನೆ ಬಂದರೆ ಆ ದಿನವೇ, ಆ ಗಳಿಗೆಯಲ್ಲೇ, ಹತ್ತಿರದವರೊಬ್ಬರಿಗೆ ಹೇಳಿ ಆಸ್ಪತ್ರೆಗೆ ಹೋಗಬೇಕು. ಅಂಥ ಹೊತ್ತಿನಲ್ಲಿ ನಿಮ್ಮ ಪಾಲಿನ ಹೆಜ್ಜೆ ಬಾಯಿಬಿಟ್ಟು ಹೇಳುವುದು, ಅಷ್ಟೇ. ಮುಂದಿನದನ್ನು ಹೊರಲು ಬೇರೆ ಹೆಗಲುಗಳಿವೆ.

ಹಾಳೆಯನ್ನು ವಾರಕ್ಕೊಮ್ಮೆ ಹೊಸದಾಗಿ ಬರೆಯಿರಿ, ಮೇಲೆ ದಿನಾಂಕ ಹಾಕಿ. ಹಳೆಯದನ್ನು ಹರಿಯದೆ ಮಡಚಿಡಿ. ನಾಲ್ಕನೇ ವಾರ ನಾಲ್ಕನ್ನೂ ಪಕ್ಕಪಕ್ಕ ಹರಡಿದಾಗ, ಕೆಲವು ಸಾಲುಗಳು ಎರಡನೇ ಹಾಳೆಯಿಂದಲೇ ಇಲ್ಲವಾಗಿರುತ್ತವೆ, ಹೋದದ್ದು ನಿಮ್ಮ ಗಮನಕ್ಕೂ ಬಂದಿರುವುದಿಲ್ಲ. ಒಂದೋ ಎರಡೋ ಸಾಲು ನಾಲ್ಕರಲ್ಲೂ ಅದೇ ಮಾತಿನಲ್ಲಿ ನಿಂತಿರುತ್ತವೆ. ಅದರ ಮೇಲೆ ಬೆರಳಿಟ್ಟು ಎರಡು ಪ್ರಶ್ನೆ ಕೇಳಿ: ಇದನ್ನು ಇನ್ನೂ ಸೀಳಬಹುದೇ? ಇದು ನನ್ನದೇ ಹೌದೇ? ಮೊದಲನೆಯದಕ್ಕೆ ಹೌದು ಎಂದರೆ ಐದನೇ ಹಾಳೆಯಲ್ಲಿ ಅದನ್ನು ಮೂರು ಸಾಲು ಮಾಡಿ ಬರೆಯಿರಿ. ಎರಡನೆಯದಕ್ಕೆ ಅಲ್ಲ ಎಂದರೆ ಅದು ಯಾರದೋ ಅವರ ಹೆಸರನ್ನು ಪಕ್ಕದಲ್ಲಿ ಬರೆದು, ಅವರಿಗೆ ಯಾವ ದಿನ ಹೇಳುತ್ತೀರಿ ಎಂದೂ ಬರೆಯಿರಿ.